ಎಂಟನೆಯ ತರಗತಿಯ ಆಚೆಗೆ

(ಹೈಸ್ಕೂಲು ಪಾಲಕರ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಯನ್ನು ಮಧ್ಯಾಹ್ನ ಮೂರೂವರೆಗೆ ಕರೆದಿದ್ದೇವೆ. ಇದಕ್ಕೆ ಕಾರಣವಿದೆ. ಇದುವರೆಗೆ ಪಾಲಕರ ಸಭೆ ಬೆಳಿಗ್ಗೆ ಹನ್ನೊಂದಕ್ಕೆ ನಡೆಯುತ್ತಿತ್ತು. ಆ ಹೊತ್ತಿಗೆ ನಾವೆಲ್ಲ ಊಟದ ಗಿರಾಕಿಗಳಿಗಾಗಿ ಟೇಬಲು ಸಜ್ಜು ಮಾಡುತ್ತಿರುತ್ತೇವೆ. ರಜೆ ಕೇಳಿದರೆ ಅರ್ಧ ದಿನದ ಪಗಾರ ಹೋಗುತ್ತದೆ. ಆದುದರಿಂದ ನಾವು ಬರಲಿಲ್ಲ. ಬರಲಿಲ್ಲವೆಂದು, ಹೋಟೆಲಿನವರಿಗೆ ಮಕ್ಕಳ ವಿದ್ಯೆಯ ಚಿಂತೆಯಿಲ್ಲ ಎಂಬ ಮಾತು ಹುಟ್ಟಿತು. ಸಮಯ ಬದಲಿಸಿ ಎಂದು ಮುಖ್ಯೋಪಾಧ್ಯಾಯರಲ್ಲಿ ವಿನಂತಿಸಿದೆವು, ಅವರು ಒಪ್ಪಿದರು. ಇಂದು ಬೆಂಚು ಸಾಲದೆ ಹಲವರು ಗೋಡೆಗೆ ಒರಗಿ ನಿಂತಿದ್ದಾರೆ. ಆ ಮಾತಿಗೆ ಇದೇ ಉತ್ತರ.

ನಮ್ಮಲ್ಲಿ ಬಹುಮಂದಿ ಏಳನೆಯ ತರಗತಿ ದಾಟಿದವರಲ್ಲ. ಊರಿನಿಂದ ಮುಂಬಯಿಗೆ ಬಂದು, ಮೊದಲು ಗ್ಲಾಸು ತೊಳೆದು, ಆಮೇಲೆ ಟೇಬಲು ಒರೆಸಿ, ಕೊನೆಗೆ ಮಾಣಿಗಳಾದವರು. ನಮಗಿಂತ ಹಿರಿಯರು ಹಗಲು ದುಡಿದು, ಕನ್ನಡ ಸಂಘಗಳು ನಡೆಸಿದ ರಾತ್ರಿ ಶಾಲೆಗಳಲ್ಲಿ ತೂಕಡಿಸುತ್ತಲೇ ಅಕ್ಷರ ಕಲಿತರು. 1982ರ ಜನವರಿ 18ರಂದು ಗಿರಣಿಗಳ ಮುಷ್ಕರ ಆರಂಭವಾಗಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಪಗಾರ ನಿಂತಾಗ, ಎಷ್ಟೋ ಮನೆಗಳಲ್ಲಿ ಮೊದಲು ನಿಂತದ್ದು ಮಕ್ಕಳ ಓದು. ಈ ಸಭೆಯಲ್ಲಿರುವ ಗಿರಣಿಯ ಹಿರಿಯರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ಈಗ ಕಾಯಿದೆಗಳಿವೆಯಲ್ಲ ಎಂದು ಕೇಳುವವರಿದ್ದಾರೆ. ಇವೆ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ; 6ರಿಂದ 14 ವಯಸ್ಸಿನ ಮಕ್ಕಳಿಗೆ ಎಂಟನೆಯ ತರಗತಿಯವರೆಗೆ ಉಚಿತ ಶಿಕ್ಷಣ ಹಕ್ಕಾಗಿದೆ. 14ರ ಒಳಗಿನ ಮಕ್ಕಳನ್ನು ಹೋಟೆಲು, ಧಾಬಾ, ಚಹದಂಗಡಿಗಳಲ್ಲಿ ದುಡಿಸುವುದಕ್ಕೆ 2006ರ ಅಕ್ಟೋಬರ್ 10ರಿಂದ ನಿಷೇಧವಿದೆ. ಎರಡೂ ಒಳ್ಳೆಯ ಕಾಯಿದೆಗಳೇ.

ಆದರೆ ಬಂಧುಗಳೇ, ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ. ಮಗುವಿಗೆ ಹದಿನಾಲ್ಕು ತುಂಬಿ ಎಂಟನೆಯ ತರಗತಿ ಮುಗಿಯುತ್ತಲೇ ಶಾಲೆಯ ಹಕ್ಕು ಮುಗಿಯುತ್ತದೆ. ಹದಿನಾಲ್ಕು ತುಂಬುತ್ತಲೇ ಹೋಟೆಲಿನ ಬಾಗಿಲು ತೆರೆಯುತ್ತದೆ. ಹದಿನೆಂಟರವರೆಗೆ ಅಪಾಯಕಾರಿ ಕೆಲಸಗಳು ಮಾತ್ರ ನಿಷಿದ್ಧ; ಟೇಬಲು ಒರೆಸುವುದನ್ನು ಅಪಾಯವೆಂದು ಯಾರೂ ಎಣಿಸುವುದಿಲ್ಲ. ಶಾಲೆಯ ಮಧ್ಯಾಹ್ನದ ಊಟದ ಯೋಜನೆಯೂ ಎಂಟನೆಯವರೆಗೆ ಮಾತ್ರ. ಒಂಬತ್ತು ಮತ್ತು ಹತ್ತರಲ್ಲಿ ಸರಕಾರದ ಸವಲತ್ತುಗಳು ಕೆಲವಿರಬಹುದು, ಆದರೆ ಸವಲತ್ತು ಬೇರೆ, ಹಕ್ಕು ಬೇರೆ.

ಇದು ಕಾಗದದ ಮಾತಲ್ಲ. ಕಳೆದ ವರ್ಷ ನಮ್ಮ ಸದಸ್ಯರೊಬ್ಬರು ಬೆನ್ನುನೋವಿನಿಂದ ಹಾಸಿಗೆ ಹಿಡಿದರು. ಒಂಬತ್ತನೆಯಲ್ಲಿದ್ದ ಅವರ ಮಗ ನಾವು ದುಡಿಯುವ ಹೋಟೆಲಿಗೇ ನೀರು ಕೊಡಲು ಬಂದು ನಿಂತ. ನಾವು ಏನು ಮಾಡಿದೆವು? ಅವನಿಗೆ ಅಂಗಿ ಕೊಟ್ಟೆವು, ಟೇಬಲು ತೋರಿಸಿದೆವು. ಪಾಪ, ಮನೆಗೆ ಆಧಾರವಾದ ಎಂದು ಹೊಗಳಿದೆವು ಕೂಡ! ಎರಡು ವಾರದ ಮೇಲೆ ಚಹಕ್ಕೆ ಬಂದ ಅವನ ಗುರುಗಳು, “ನಿನ್ನ ಬೆಂಚು ಖಾಲಿಯಿದೆಯಪ್ಪ” ಎಂದಾಗ ಹುಡುಗ ತಲೆ ತಗ್ಗಿಸಿದ. ನಾವೂ ತಗ್ಗಿಸಿದೆವು. ಆ ಮನೆಗೆ ಬೇಕಾಗಿದ್ದುದು ಮೂರು ತಿಂಗಳ ಅಕ್ಕಿ ಮತ್ತು ಖೋಲಿಯ ಬಾಡಿಗೆ. ನಾವು ನಾಲ್ಕು ಹೋಟೆಲುಗಳ ಮಾಣಿಗಳು ಬಕ್ಷೀಸು ಕೂಡಿಸಿ ಅದನ್ನು ಕೊಟ್ಟೆವು. ಹುಡುಗ ಈಗ ಹತ್ತನೆಯಲ್ಲಿದ್ದಾನೆ.

ಆದುದರಿಂದ ನಮ್ಮ ನಿಧಿಯ ವಿಷಯದಲ್ಲಿ ಒಂದು ಸ್ಪಷ್ಟ ಮಾತು. ಯಕ್ಷಗಾನದ ಸಹಾಯಾರ್ಥ ಪ್ರದರ್ಶನದಿಂದ ಬಂದ ಹಣದಲ್ಲಿ ರಂಗಮಂಟಪಕ್ಕೆ ಹೊಸ ಪರದೆ ಬೇಕೆಂದು ಕೆಲವು ಹಿರಿಯರ ಅಪೇಕ್ಷೆ. ಪರದೆ ಬೇಡವೆನ್ನುವುದಿಲ್ಲ, ಅದು ಕಾಯಬಲ್ಲದು, ಒಂಬತ್ತನೆಯ ತರಗತಿಯ ಮಗು ಕಾಯಲಾರದು. ಮೊದಲ ರೂಪಾಯಿ ಒಂಬತ್ತು-ಹತ್ತರ ಮಕ್ಕಳ ಪುಸ್ತಕ, ಪರೀಕ್ಷಾ ಶುಲ್ಕ, ಮಧ್ಯಾಹ್ನದ ತುತ್ತಿಗೆ ಹೋಗಬೇಕು. ನೂರು ಮನೆಗಳು ತಿಂಗಳಿಗೆ 50 ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ 60,000 ರೂಪಾಯಿ. ದಿನವಿಡೀ ಊರಿಗೆಲ್ಲ ಬಡಿಸುವ ನಮ್ಮ ಮಕ್ಕಳು ಹಸಿದು ಕೂರಬಾರದು.

ಆದರೆ ಯಾರ ಮೇಲೂ ಬಲವಂತವಿಲ್ಲ. ಪ್ರವೇಶಕ್ಕಾಗಿ ಶುಲ್ಕದ ಹೊರತು ಹೆಚ್ಚಿನ ಹಣ ವಸೂಲು ಮಾಡುವುದನ್ನು ಮಹಾರಾಷ್ಟ್ರದ 1987ರ ಕಾಯಿದೆ ನಿಷೇಧಿಸಿದೆ. ವಂತಿಗೆ ಕೊಡಲಾರದವನ ಮಗುವೂ ಮೊದಲ ಬೆಂಚಿನಲ್ಲಿ ಕೂರಬೇಕು. ಹತ್ತು ರೂಪಾಯಿಗೂ ರಸೀದಿ ಕೊಡಬೇಕು; ಮೂರು ತಿಂಗಳಿಗೊಮ್ಮೆ ಲೆಕ್ಕ ಶಾಲೆಯ ಫಲಕದ ಮೇಲೆ ಬರಬೇಕು. ಗಲ್ಲೆಯ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೆ ನಮ್ಮನ್ನು ನಿಲ್ಲಿಸಿ ಕೇಳುತ್ತಾರೆ. ಸಂಘದ ಲೆಕ್ಕವನ್ನೂ ನೀವು ಹಾಗೆಯೇ ನಿಲ್ಲಿಸಿ ಕೇಳಿ.

ಇನ್ನು ಭಾಷೆಯ ಮಾತು. 2020ರ ಕಾಯಿದೆಯಂತೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಇದನ್ನು ನಾವು ವಿರೋಧಿಸುವುದಿಲ್ಲ. ಅನ್ನ ಕೊಟ್ಟ ನೆಲದ ಮಾತು ನಮ್ಮ ಮಕ್ಕಳಿಗೆ ಚೆನ್ನಾಗಿ ಬರಲಿ. ಅದರ ಜೊತೆಗೆ ಕನ್ನಡದ ಬೆಂಚೂ ಉಳಿಯಲಿ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯಿನುಡಿಯ ಶಿಕ್ಷಣದ ಸೌಕರ್ಯ ಬೇಕೆನ್ನುತ್ತದೆ. ಅದೂ ಪ್ರಾಥಮಿಕ ಹಂತಕ್ಕೇ ನಿಲ್ಲುತ್ತದೆ. ಹೈಸ್ಕೂಲಿನ ಕನ್ನಡ ಉಳಿಯುವುದು ಮಕ್ಕಳ ಸಂಖ್ಯೆಯಿಂದ. ಮಕ್ಕಳು ಕಡಿಮೆಯಾದರೆ ಶಿಕ್ಷಕರ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ತರಗತಿ ಹೋಗುತ್ತದೆ. ಬಿಟ್ಟುಹೋದ ಒಬ್ಬೊಬ್ಬ ಹುಡುಗನೂ ಉಳಿದವರ ಬೆಂಚನ್ನು ಅಲುಗಿಸುತ್ತಾನೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಹದಿನೆಂಟು ವಯಸ್ಸಿನವರೆಗಿನ ಶಿಕ್ಷಣದ ಮಾತಾಡಿದೆ. ಅದು ನೀತಿ; ನಮಗೆ ಬೇಕಾದುದು ಹಕ್ಕು. ಶಿಕ್ಷಣದ ಹಕ್ಕನ್ನು ಹತ್ತನೆಯ ತರಗತಿಯವರೆಗಾದರೂ ವಿಸ್ತರಿಸಬೇಕೆಂಬ ಮನವಿಯನ್ನು ಇಂದು ನಿಮ್ಮ ಮುಂದಿಡುತ್ತಿದ್ದೇವೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ; ಅದಕ್ಕೂ ಅಷ್ಟೇ ಬೆಲೆಯಿದೆ.

ಮನವಿಗೆ ಉತ್ತರ ಬರಲು ವರ್ಷಗಳಾಗಬಹುದು. ಅಲ್ಲಿಯವರೆಗೆ ಒಂದು ಕೆಲಸ ನಮ್ಮ ಕೈಯಲ್ಲೇ ಇದೆ. ನಾಳೆ ನಿಮ್ಮ ಹೋಟೆಲಿಗೆ ಹದಿನಾಲ್ಕು-ಹದಿನೈದರ ಹುಡುಗನೊಬ್ಬ ಕೆಲಸ ಕೇಳಿ ಬಂದರೆ, ಅವನಿಗೆ ಟೇಬಲು ತೋರಿಸಬೇಡಿ. ಒಂದು ಕಪ್ಪು ಚಹ ಕೊಟ್ಟು ಯಾವ ಶಾಲೆಯೆಂದು ಕೇಳಿ, ಸಂಜೆ ಸಂಘಕ್ಕೆ ತಿಳಿಸಿ. ಉಳಿದುದನ್ನು ಎಲ್ಲರೂ ಕೂಡಿ ಮಾಡೋಣ.