ಮಗುವಿನ ಕಲಿಕೆಯ ತೊಡಕು: ತಪಾಸಣೆ ಏಕೆ, ಹೇಗೆ?



ಮಾತಿನಲ್ಲಿ ಚುರುಕಾದ ಮಗು ಮೂರನೆಯ ತರಗತಿಗೆ ಬಂದರೂ ಅಕ್ಷರ ಕೂಡಿಸಿ ಓದಲು ತಡವರಿಸುತ್ತದೆ. ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ಬಗೆಯಾಗಿ ಬರೆಯುತ್ತದೆ. ಸೋಮಾರಿತನವೆಂದು ಗದರುತ್ತೇವೆ. ನಾನೂ ಗದರಿದ್ದುಂಟು. ಬುದ್ಧಿಯ ಕೊರತೆಯಿಲ್ಲದೆಯೂ ಓದು, ಬರಹ, ಲೆಕ್ಕಗಳಲ್ಲಿ ಇಂತಹ ತೊಡಕು ಇರಬಹುದು. 1995ರ ಅಧಿನಿಯಮದಲ್ಲಿ ಹೆಸರಿಸದಿದ್ದ ಈ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯನ್ನು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದಲ್ಲಿ ಸೇರಿಸಲಾಗಿದೆ.

ಮೊದಲು ಕಣ್ಣು, ಕಿವಿಗಳ ತಪಾಸಣೆಯಾಗಲಿ. ಅನಂತರ ಮಕ್ಕಳ ವೈದ್ಯರನ್ನೂ ಮನಶ್ಶಾಸ್ತ್ರಜ್ಞರನ್ನೂ ಕಾಣತಕ್ಕದ್ದು. ಅವರು ಬುದ್ಧಿಶಕ್ತಿಯನ್ನು ಅಳೆದು, ಬಳಿಕ ಓದುಬರಹಗಳನ್ನು ಪರೀಕ್ಷಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆ ಇದಕ್ಕೆ ಬಳಕೆಯಲ್ಲಿದೆ. ಒಂದೇ ಭೇಟಿಯಲ್ಲಿ ಮುಗಿಯುವ ಕೆಲಸವಲ್ಲ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ಚಿಕಿತ್ಸಾಲಯವಿದೆ.

ಹೊರನಾಡಿನ ಕನ್ನಡಿಗರು ಒಂದು ಸಂಗತಿಯನ್ನು ಮರೆಯದೆ ಹೇಳಬೇಕು: ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿಯೋ ತಮಿಳೋ, ಶಾಲೆಯಲ್ಲಿ ಇಂಗ್ಲಿಷು. ಇದು ತಿಳಿಯದಿದ್ದರೆ ಭಾಷೆಯ ಅಪರಿಚಯವೇ ನ್ಯೂನತೆಯೆಂದು ತೋರಬಹುದು. ‘ಭಾಷೆ ಹೊಸದು, ಬರುತ್ತದೆ ಬಿಡಿ’ ಎಂಬ ಮಾತಿನಲ್ಲಿ ನಿಜವಾದ ನ್ಯೂನತೆ ವರ್ಷಗಟ್ಟಲೆ ಮರೆಯಾಗುವುದೂ ಉಂಟು. ಮಗುವಿಗೆ ಕನ್ನಡದ ಓದನ್ನು ಕಲಿಸಿದ್ದರೆ ಅದನ್ನೂ ತಿಳಿಸಿರಿ; ಶಾಲೆಯ ನೋಟ್‌ಪುಸ್ತಕಗಳನ್ನು ತಿದ್ದದೆ ಹಾಗೆಯೇ ಒಯ್ಯಿರಿ.

ಪ್ರಮಾಣಪತ್ರ ದೊರೆತವರಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಲಿಪಿಕಾರರ ನೆರವು ಮುಂತಾದ ರಿಯಾಯಿತಿಗಳುಂಟು. ಮಂಡಳಿಯಿಂದ ಮಂಡಳಿಗೆ ನಿಯಮ ಬೇರೆಯಾದುದರಿಂದ ಒಂಬತ್ತನೆಯ ತರಗತಿಯಲ್ಲಿಯೇ ಮುಖ್ಯೋಪಾಧ್ಯಾಯರನ್ನು ವಿಚಾರಿಸುವುದು ಲೇಸು.