ಕರೆಸಿದ ಕೈ, ಕಲಿತ ಕೈ

(ತುರ್ವಿಹಾಳದಲ್ಲಿ ನೆರೆದ ಶಿಕ್ಷಕರ ಹಾಗೂ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ಪರದೇಶದ ಕುಶಲ ಕೆಲಸಗಾರರನ್ನು ನಮ್ಮ ನಾಡಿಗೆ ಕರೆಸುವದು ಯೋಗ್ಯವೇ ಎಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಹೊರಗಿನವನನ್ನು ಕರೆಸುವದೇ ಅಪಮಾನವೆಂದು ಒಂದು ಪಕ್ಷ ಹೇಳುತ್ತದೆ. ಹೊರಗಿನವನು ಬಾರದೆ ನಮ್ಮಿಂದ ಏನೂ ಆಗದೆಂದು ಇನ್ನೊಂದು ಪಕ್ಷ ಹೇಳುತ್ತದೆ. ನಮಗೆ ಈ ಎರಡೂ ಸರಿಯಾಗಿ ಕಾಣುವದಿಲ್ಲ. ಏಕೆಂಬುದನ್ನು ಹೇಳುವ ಮೊದಲು ನಮ್ಮದೇ ಒಂದು ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಳ್ಳುತ್ತೇವೆ.

ಈ ಸೀಮೆಯ ಅಕ್ಕಿ ಗಿರಣಿಯ ಮಾಲಕರೊಬ್ಬರು ನಮ್ಮ ಕಕ್ಷಿಗಾರರು. ಅಕ್ಕಿಯಲ್ಲಿಯ ಕಪ್ಪು ಕಾಳುಗಳನ್ನು ಆರಿಸಿ ತೆಗೆಯುವ ಒಂದು ಯಂತ್ರವನ್ನು ಅವರು ಪರದೇಶದಿಂದ ತರಿಸಿದರು. ಅದನ್ನು ಹೂಡುವದಕ್ಕೆ ಆ ದೇಶದ ಯಂತ್ರಜ್ಞನೊಬ್ಬನು ಬಂದನು. ಎಂಟು ದಿನ ಇದ್ದನು, ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದನು, ಹೋದನು. ಮುಂದಿನ ಸುಗ್ಗಿಯಲ್ಲಿ, ಭತ್ತದ ರಾಶಿ ಅಂಗಳ ತುಂಬಿದ್ದಾಗ, ಯಂತ್ರ ನಿಂತಿತು. ಗಿರಣಿಯಲ್ಲಿ ಒಬ್ಬನಿಗೂ ಅದರ ಒಳಗುಟ್ಟು ತಿಳಿಯದು. ಹತ್ತೊಂಬತ್ತು ದಿವಸ ಗಿರಣಿ ಸುಮ್ಮನಿತ್ತು. ಹಮಾಲರು ದಿನವೂ ಬಂದು ಬರಿಗೈಯಲ್ಲಿ ಮನೆಗೆ ಹೋದರು. ಮಾಲಕರು ದಾವೆ ಹೂಡಬೇಕೆಂದು ಸಿಟ್ಟಿನಿಂದ ಬಂದರು. ಕರಾರು ಪತ್ರವನ್ನು ಬಿಚ್ಚಿ ನೋಡಿದೆವು. ಯಂತ್ರದ ಬೆಲೆ, ಸಾಗಾಟದ ವೆಚ್ಚ, ಬಂದವನ ವಸತಿ, ಅವನ ಊಟದ ಖರ್ಚು ಎಲ್ಲವೂ ಅದರಲ್ಲಿದ್ದವು. ಅವನು ನಮ್ಮ ಹುಡುಗರಿಬ್ಬರಿಗೆ ಕೆಲಸ ಕಲಿಸಿ ಹೋಗತಕ್ಕದ್ದು ಎಂಬ ಒಂದು ಸಾಲು ಮಾತ್ರ ಇರಲಿಲ್ಲ. ಆ ಕರಾರನ್ನು ಸಹಿಗೆ ಮೊದಲು ಓದಿ, ಸರಿಯಾಗಿದೆಯೆಂದು ಹೇಳಿಕೊಟ್ಟವರು ನಾವೇ. ಆದುದರಿಂದ ಇಂದು ನಾವು ಆಡುವ ಮಾತು ಬೋಧಕರ ಮಾತಲ್ಲ, ಎಡವಿದವರ ಮಾತು.

ಮಹನೀಯರೇ, ಹೊರಗಿನ ಕುಶಲಿಯನ್ನು ಕರೆಸುವದು ನಮ್ಮ ನಾಡಿಗೆ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವುಂಟು, 1892ರಲ್ಲಿ ಬಿ. ಎಲ್. ರೈಸರು ಅದನ್ನು ಬೆಳಕಿಗೆ ತಂದರು. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದೆ. ಆದರೆ ಕೊನೆಯಲ್ಲಿ, ಬರೆದ ಚಪಡನು ತಾನು ಲಿಪಿಕಾರನೆಂಬ ಮಾತನ್ನು ಖರೋಷ್ಠೀ ಲಿಪಿಯಲ್ಲಿ ಕೆತ್ತಿದ್ದಾನೆ. ಆ ಲಿಪಿಯು ಗಾಂಧಾರದ ಕಡೆಯದು, ಬಲದಿಂದ ಎಡಕ್ಕೆ ಬರೆಯತಕ್ಕದ್ದು. ಅಂದರೆ ಇಂದಿಗೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ, ವಾಯವ್ಯದ ವಿದ್ಯೆ ಕಲಿತ ಬರಹಗಾರನೊಬ್ಬನು ಕನ್ನಡ ನಾಡಿನ ಬಂಡೆಯ ಮುಂದೆ ಉಳಿ ಹಿಡಿದು ನಿಂತಿದ್ದನು.

ಮುಂದೆ ವಿಜಯನಗರದ ಕಾಲಕ್ಕೆ ಬನ್ನಿರಿ. 1520ರಲ್ಲಿ ಶ್ರೀಕೃಷ್ಣದೇವರಾಯನು ನಮ್ಮ ರಾಯಚೂರು ಕೋಟೆಯನ್ನು ಮುತ್ತಿದಾಗ, ಪೋರ್ತುಗೀಜರ ಬಂದೂಕುಗಾರರ ಒಂದು ಚಿಕ್ಕ ತಂಡ ಅವನ ಪಕ್ಷದಲ್ಲಿ ಕಾದಿತು. ಇಂದಿನ ಹೊಸಪೇಟೆಯ ಹತ್ತಿರ ದೊಡ್ಡ ಕೆರೆಯನ್ನು ಕಟ್ಟಿಸುವಾಗ ಗೋವೆಯ ಗವರ್ನರನಿಂದ ಒಬ್ಬ ಕಲ್ಲುಕೆಲಸದ ನಿಪುಣನನ್ನು ಎರವಲು ತಂದನೆಂದು ಪೋರ್ತುಗೀಜ ಬರಹಗಾರ ನ್ಯೂನಿಜನು ಬರೆದಿಟ್ಟಿದ್ದಾನೆ. ಅಷ್ಟು ದೊಡ್ಡ ಅರಸನಿಗೆ ಇದರಿಂದ ಕುಂದು ಬಂದಿತೆಂದು ಯಾರೂ ಹೇಳಲಿಲ್ಲ. ಬೀದರದ ಬಿದರಿ ಕೆಲಸವನ್ನೂ ಪರ್ಶಿಯಾದ ಕಡೆಯ ಕುಶಲಿಗಳು ಬಹಮನಿ ಅರಸರ ಕಾಲದಲ್ಲಿ ತಂದರೆಂದು ಹೇಳಿಕೆಯುಂಟು. ಕಪ್ಪು ಲೋಹದಲ್ಲಿ ಬೆಳ್ಳಿಯ ತಂತಿಯನ್ನು ಕೂಡಿಸುವ ಆ ವಿದ್ಯೆಗೆ ಇಂದು ಪರ್ಶಿಯಾದ ಹೆಸರಿಲ್ಲ. ನಮ್ಮ ಊರಿನ ಹೆಸರಿದೆ. ಆ ಬಣ್ಣ ಏರುವದಕ್ಕೆ ಬೀದರ ಕೋಟೆಯ ಮಣ್ಣೇ ಬೇಕೆಂದು ಕಸಬುಗಾರರು ಹೇಳುತ್ತಾರೆ. ಬಂದ ವಿದ್ಯೆ ನಮ್ಮದಾಯಿತೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಇನ್ನು ನಮ್ಮ ಮಗ್ಗುಲಿನ ಮಾತು. ಲಿಂಗಸುಗೂರು ತಾಲೂಕಿನ ಹಟ್ಟಿಯ ಬಂಗಾರದ ಗಣಿಯನ್ನು ಅರಿಯದವರು ಈ ಸಭೆಯಲ್ಲಿಲ್ಲ. ಅಲ್ಲಿ ಪ್ರಾಚೀನರು ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರು ಸುರಿದು ಒಡೆದು, ಸುಮಾರು 640 ಅಡಿ ಆಳದ ವರೆಗೆ ಇಳಿದಿದ್ದರು. ಸಿಡಿಮದ್ದಿಲ್ಲ, ಉಗಿಯಂತ್ರವಿಲ್ಲ, ವಿದ್ಯುತ್ತಿಲ್ಲ. ಅಂಥ ಕಸಬು ಹುಟ್ಟಿದ ನೆಲದಲ್ಲಿ ಆ ಕಸಬಿನ ಸಂತಾನವೇ ಅಳಿದುಹೋಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಿಜಾಮ ಸಂಸ್ಥಾನದೊಳಗೆ ಇಂಗ್ಲಿಷ್ ಕಂಪನಿಗಳು ಬಂದು ಹಳೆಯ ಗುಂಡಿಗಳನ್ನು ಹುಡುಕಿ, ಆಧುನಿಕ ರೀತಿಯಿಂದ ಗಣಿ ತೋಡಿದವು. 1920ರ ಸುಮಾರಿಗೆ ಆ ಕೆಲಸ ನಿಂತಿತು, ಗಣಿ ಮುಚ್ಚಿತು. ಆಮೇಲೆ ಸುಮಾರು ಕಾಲು ಶತಮಾನ ಅಲ್ಲಿ ಬಂಗಾರ ತೆಗೆಯುವ ಕೆಲಸ ಮೇಲೇಳಲಿಲ್ಲ. ಬಂಗಾರ ನೆಲದಲ್ಲಿಯೇ ಇತ್ತು, ಹೊಟ್ಟೆಗಿಲ್ಲದ ಜನರು ನೆಲದ ಮೇಲೆ ಇದ್ದರು. ಇವೆರಡನ್ನೂ ಕೂಡಿಸುವ ವಿದ್ಯೆ, ಬಂಡವಾಳ ನಡುವೆ ಇರಲಿಲ್ಲ. 1947ರಲ್ಲಿ ಹೈದರಾಬಾದ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪನೆಯಾದ ಮೇಲೆ ಗಣಿಗೆ ಮತ್ತೆ ಜೀವ ಬಂದಿತು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಹಟ್ಟಿಯು ಕನ್ನಡಿಗರ ಒಂದೇ ರಾಜ್ಯದೊಳಗೆ ಸೇರಿತು. ಕಂಪನಿಗೂ ಹಟ್ಟಿಯ ಹೆಸರೇ ಬಂದಿತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಹಟ್ಟಿಯಲ್ಲಿ ಸ್ವದೇಶದ ಎಂಜಿನಿಯರರೂ ಕೆಲಸಗಾರರೂ ಇಂದಿಗೂ ಗಣಿಯನ್ನು ನಡೆಯಿಸುತ್ತಿದ್ದಾರೆ.

ಇದೇ ಬಂಗಾರದ ಬೇಟೆಗೆ ಬಂದವರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರರು ಒಬ್ಬರು. 1915ರಲ್ಲಿ ಅವರು ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು ಕಂಡುಹಿಡಿದರು. ಅಲ್ಲಿಯ ವರೆಗೆ ದೊರೆತ ಶಾಸನಗಳಲ್ಲಿ ‘ದೇವಾನಾಂಪ್ರಿಯ’ನೆಂಬ ಬಿರುದು ಮಾತ್ರ ಇತ್ತು, ಅಶೋಕನೆಂಬ ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ನಮ್ಮ ದನಗಾಹಿಗಳು ತಲೆತಲಾಂತರದಿಂದ ಹಾದುಹೋದ ಬಂಡೆಯನ್ನು ಪರದೇಶದವರೊಬ್ಬರು ತೋರಿಸಿಕೊಟ್ಟರು, ನಿಜ. ಆದರೆ ಅದನ್ನು ಓದಿ, ಅರ್ಥಮಾಡಿ, ಜಗತ್ತಿಗೆ ಪ್ರಕಟಿಸಿದವರು ಹೊಸಕೋಟೆ ಕೃಷ್ಣಶಾಸ್ತ್ರಿಗಳು. ಪ್ರಾಚೀನ ಲಿಪಿಯನ್ನು ಓದುವ ಕೀಲಿಯನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪರು ಕಂಡುಕೊಂಡಿದ್ದರು. ಆ ಕೀಲಿ ಎಂಬತ್ತು ವರ್ಷಗಳೊಳಗೆ ನಮ್ಮ ವಿದ್ವಾಂಸರ ಕೈಗೆ ಬಂದಿತ್ತು. ಒಂದೇ ಸೀಮೆಯಲ್ಲಿ ಗಣಿಯ ವಿದ್ಯೆ ನಮಗೆ ದಕ್ಕಲಿಲ್ಲ, ಶಾಸನದ ವಿದ್ಯೆ ದಕ್ಕಿತು. ಕಾರಣವೇನು? ಎರಡನೆಯದನ್ನು ಹಟದಿಂದ ಕುಳಿತು ಕಲಿತವರು ನಮ್ಮಲ್ಲಿದ್ದರು.

ದಕ್ಕಿಸಿಕೊಂಡ ಬೇರೆ ದೃಷ್ಟಾಂತಗಳೂ ಉಂಟು. ಮಂಗಳೂರಿನ ಬಾಸೆಲ್ ಮಿಶನ್ನಿನವರು 1851ರಲ್ಲಿ ಹಾಲ್ಲರ್ ಎಂಬ ನೇಯ್ಗೆಯ ನಿಪುಣನನ್ನು ಯುರೋಪಿನಿಂದ ಕರೆಸಿದರು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪಿನಲ್ಲಿ ಹೆಂಚಿನ ಕಾರಖಾನೆಯನ್ನು ಆರಂಭಿಸಿದರು. ಮಣ್ಣು ನೇತ್ರಾವತಿಯ ದಂಡೆಯದು, ಕೈ ಊರವರದು, ಉಪಾಯ ಹೊರಗಿನದು. ಕೆಲವೇ ವರ್ಷಗಳಲ್ಲಿ ಮಂಗಳೂರಿನವರೇ ಸ್ವಂತ ಬಂಡವಾಳದಿಂದ ಹೆಂಚಿನ ಕಾರಖಾನೆಗಳನ್ನು ತೆರೆದರು. ಅದು ಜರ್ಮನರ ಹೆಂಚೆಂದು ಯಾರೂ ಕರೆಯಲಿಲ್ಲ. ಮಂಗಳೂರು ಹೆಂಚೆಂದೇ ದೇಶದ ಮನೆಮನೆಯ ಮೇಲೆ ಏರಿತು. ಜಮಸೇಟಜಿ ತಾತಾ ಅವರು 1896ರ ಸುಮಾರಿಗೆ ಬೆಂಗಳೂರಿನ ರೇಷ್ಮೆಯ ತೋಟಕ್ಕೆ ಜಪಾನೀ ತಜ್ಞ ದಂಪತಿಗಳನ್ನು ಕರೆಸಿದ್ದೂ ಕಲಿಸುವದಕ್ಕಾಗಿಯೇ.

ಮೈಸೂರು ಸಂಸ್ಥಾನದ ಮಾರ್ಗವನ್ನು ಸ್ವಲ್ಪ ನಿಂತು ನೋಡಬೇಕು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿದಾಗ ಯಂತ್ರಗಳು ಅಮೆರಿಕೆ, ಸ್ವಿಟ್ಜರ್ಲಂಡುಗಳವು. ಹೂಡಿದ ತಜ್ಞರೂ ಹೊರಗಿನವರು. ಅದಾದ ಮೇಲೆ ಸಂಸ್ಥಾನವು ಸುಮ್ಮನೆ ಕುಳಿತುಕೊಳ್ಳಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಭದ್ರಾವತಿಯ ಕಬ್ಬಿಣದ ಕಾರಖಾನೆಯ ಯೋಜನೆಯನ್ನು ನ್ಯೂಯಾರ್ಕಿನ ತಜ್ಞರು ಹಾಕಿಕೊಟ್ಟರು, ಮೊದಮೊದಲು ಅಮೆರಿಕದವರೇ ಅಲ್ಲಿ ಮುಖ್ಯ ಸ್ಥಾನಗಳಲ್ಲಿದ್ದರು. 1923ರಲ್ಲಿ ವಿಶ್ವೇಶ್ವರಯ್ಯನವರು ಅದರ ಆಡಳಿತವನ್ನು ವಹಿಸಿಕೊಂಡ ಮೇಲೆ ಆ ಸ್ಥಾನಗಳಿಗೆ ನಮ್ಮವರನ್ನು ತಯಾರುಮಾಡಿ ಏರಿಸಿದರು. ಹೊರಗಿನವನನ್ನು ಬೈದು ಓಡಿಸಲಿಲ್ಲ. ಅವನ ಸ್ಥಾನಕ್ಕೆ ಯೋಗ್ಯನಾದವನನ್ನು ಸಿದ್ಧಮಾಡಿದರು. ಬೈಯುವದು ಸುಲಭ, ಸಿದ್ಧಮಾಡುವದು ಕಷ್ಟ. ದೇಶಾಭಿಮಾನಕ್ಕೆ ಒಪ್ಪುವದು ಈ ಕಷ್ಟದ ದಾರಿಯೇ.

ಈಗ ನಮ್ಮ ಹೊಲಗಳ ಕಡೆಗೆ ತಿರುಗೋಣ. ತುಂಗಭದ್ರೆಯ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದಿತು. 1953ರಿಂದ ನೀರು ಹರಿಯಹತ್ತಿತು. ಎಡದಂಡೆಯ ಕಾಲುವೆ ಸಿಂಧನೂರಿನ ಸೀಮೆಗೆ ಬಂದಾಗ ನಮ್ಮ ಹಿರಿಯರು ಬಿಳಿಜೋಳ ಬೆಳೆಯುವದರಲ್ಲಿ ಪಂಡಿತರು. ಮಳೆಯಿಲ್ಲದ ಹಿಂಗಾರಿಯಲ್ಲಿ, ಎರೆಯ ಹಸಿಯೊಂದನ್ನೇ ನಂಬಿ ಬೆಳೆ ತೆಗೆಯುವದು ಸಾಮಾನ್ಯ ವಿದ್ಯೆಯಲ್ಲ. ಆದರೆ ಗದ್ದೆಯ ನೀರಾವರಿ ಅವರಿಗೆ ಹೊಸದು. ಕೃಷ್ಣಾ-ಗೋದಾವರಿಗಳ ಮುಖಜ ಭೂಮಿಯಿಂದ ಬಂದ ರೈತರಿಗೆ ಅದು ಮೂರು-ನಾಲ್ಕು ತಲೆಮಾರಿನ ಕಸಬು. ಅವರನ್ನು ಯಾರೂ ಸಂಬಳಕೊಟ್ಟು ಕರೆಸಲಿಲ್ಲ, ಅವರು ಪರದೇಶದವರೂ ಅಲ್ಲ. ನೀರಿನ ಜಾಡು ಹಿಡಿದು ಬಂದರು, ಭೂಮಿ ಕೊಂಡರು, ಕ್ಯಾಂಪುಗಳನ್ನು ಕಟ್ಟಿದರು. ಆದರೂ ಕುಶಲಿಗಳ ಆಗಮನದಿಂದ ಒಂದು ಸೀಮೆ ಹೇಗೆ ಬದಲಾಗುತ್ತದೆಂಬುದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ ಇದೇ.

ಆಗ ನಮ್ಮವರಲ್ಲಿ ಎರಡು ಬಗೆಯಾಯಿತು. ಅಗ್ಗದಲ್ಲಿ ಹೊಲ ಮಾರಿದವರು ಮುಂದೆ ಅದೇ ಹೊಲದಲ್ಲಿ ಕೂಲಿಗೆ ನಿಂತದ್ದುಂಟು. ಬದುವಿನ ಮೇಲೆ ನಿಂತು ನೆರೆಯವನ ಮಡಿ, ಸಸಿ, ನಾಟಿಗಳನ್ನು ನೋಡಿ ಕಲಿತವರು ಗದ್ದೆಯ ಒಡೆಯರಾಗಿ ಉಳಿದರು. ಬಂದವರ ಮೇಲೆ ನಮಗೆ ದ್ವೇಷವಿಲ್ಲ. ಅವರ ಮಕ್ಕಳು ಇಂದು ನಮ್ಮ ಶಾಲೆಗಳಲ್ಲಿಯೇ ಕನ್ನಡ ಕಲಿಯುತ್ತಾರೆ, ಈ ಸಭೆಯಲ್ಲಿಯೂ ಇದ್ದಾರೆ. ಆದರೆ ಒಂದು ಮಾತು ಹೇಳದೆ ಇರಲಾರೆವು. ಕಲಿಯುವಾಗ ನಾವು ವಿವೇಕವನ್ನೂ ಕೂಡಿಸಿ ಕಲಿಯಲಿಲ್ಲ. ಮುಖಜ ಭೂಮಿಯ ಬೇಸಾಯವನ್ನು ಎರೆಯ ಹೊಲಕ್ಕೆ ಇದ್ದಕ್ಕಿದ್ದಂತೆ ತಂದೆವು. ಲಘು ನೀರಾವರಿಯ ಬೆಳೆಗೆಂದು ಗೊತ್ತುಪಡಿಸಿದ ಹೊಲಗಳಲ್ಲಿಯೂ ಭತ್ತ ನಿಂತಿತು. ನೆಲ ಜವುಳಾಯಿತು, ಸವುಳಾಯಿತು. ಕಾಲುವೆಯ ಕೊನೆಯವರಿಗೆ ನೀರು ಮುಟ್ಟದಾಯಿತು. ಕಲಿತ ವಿದ್ಯೆಯನ್ನು ನಮ್ಮ ಮಣ್ಣಿಗೆ ಒಗ್ಗಿಸಿಕೊಳ್ಳುವದೂ ಕಲಿಕೆಯ ಭಾಗವೇ.

ಒಮ್ಮೆ ಕಲಿತು ನಿಂತರೂ ಸಾಲದು. 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಸ್ಥಾಪನೆಯಾದಾಗ ಸ್ವಿಸ್ ಕಂಪನಿಯ ನೆರವಿತ್ತು. 1961ರಲ್ಲಿ ಗಡಿಯಾರದ ಕೆಲಸವನ್ನು ಜಪಾನಿನವರಿಂದ ಕಲಿತರು. ನಮ್ಮಲ್ಲಿ ಎಷ್ಟೋ ಜನರ ಮದುವೆಯ ಗಡಿಯಾರ ಅದೇ. ಕಾಲ ಬದಲಾಯಿತು, ಗಡಿಯಾರದ ವಿದ್ಯೆ ಬದಲಾಯಿತು, ಕಾರಖಾನೆ ಹಿಂದುಳಿಯಿತು; 2016ರಲ್ಲಿ ಆ ಗಡಿಯಾರದ ಅಧ್ಯಾಯ ಮುಗಿಯಿತು.

ಇಂದು ಚಕ್ರ ತಿರುಗಿದೆ. 1851ರಲ್ಲಿ ಯುರೋಪಿನ ನೇಕಾರನು ನಮ್ಮಲ್ಲಿಗೆ ಬಂದನು. ಇಂದು ಜರ್ಮನಿಯು ನಮ್ಮ ದಾದಿಯರನ್ನೂ ಯಂತ್ರಜ್ಞರನ್ನೂ ಕರೆಯುತ್ತಿದೆ. 2020ರಲ್ಲಿ ಅದಕ್ಕಾಗಿಯೇ ಅಲ್ಲಿ ಹೊಸ ಕಾಯಿದೆ ಜಾರಿಗೆ ಬಂದಿತು. ಜಪಾನು 2019ರಲ್ಲಿ ಇಂಥದೇ ದಾರಿ ತೆರೆಯಿತು. ಆ ದೇಶಗಳಲ್ಲಿ ಮುದುಕರು ಹೆಚ್ಚಿದ್ದಾರೆ, ಕೈಗಳು ಕಡಿಮೆಯಾಗಿವೆ. ಹೊರಗಿನವರನ್ನು ಕರೆಸುವದು ಅಪಮಾನವೆಂದು ಅವರು ತಿಳಿಯಲಿಲ್ಲ. ಆದರೆ ಅವರ ನಡತೆಯನ್ನು ಗಮನಿಸಿರಿ: ಬಂದವನು ತಮ್ಮ ಭಾಷೆ ಕಲಿಯಲೆಂದು ಪರೀಕ್ಷೆ ಇಡುತ್ತಾರೆ, ಅವನ ಕಸಬನ್ನು ತೂಗಿ ನೋಡುತ್ತಾರೆ. ಕರೆಸುವವನಿಗೆ ತನಗೇನು ಬೇಕೆಂಬುದು ತಿಳಿದಿರಬೇಕೆಂಬುದಕ್ಕೆ ಇದು ಸಾಕ್ಷಿ.

ಆದುದರಿಂದ ಗಿರಣಿಯ ಮಾಲಕರೇ ಆಗಲಿ, ಸಹಕಾರಿ ಸಂಘವೇ ಆಗಲಿ, ಸರಕಾರವೇ ಆಗಲಿ, ಹೊರಗಿನ ಕುಶಲಿಯನ್ನು ಕರೆಸುವಾಗ ಕರಾರಿನಲ್ಲಿ ಮೂರು ಮಾತು ಬರೆಯಿಸಿಕೊಳ್ಳಿರಿ. ಒಂದು, ಬಂದವನ ಬಳಿ ಇಲ್ಲಿಯ ಇಬ್ಬರಾದರೂ ಉಮೇದುವಾರರು ಮೊದಲ ದಿನದಿಂದ ಇರತಕ್ಕದ್ದು. ಎರಡು, ಅವನು ಹೊರಡುವ ಮುಂಚೆ ಆ ಇಬ್ಬರು ಅವನ ಎದುರಿಗೆ ಯಂತ್ರವನ್ನು ಬಿಚ್ಚಿ ಕೂಡಿಸಿ ತೋರಿಸತಕ್ಕದ್ದು. ಆಮೇಲೆಯೇ ಹಣದ ಕೊನೆಯ ಕಂತು. ಮೂರು, ಕೆಲಸದ ಕ್ರಮವನ್ನು ಕನ್ನಡದಲ್ಲಿ ಬರೆದು ಗಿರಣಿಯಲ್ಲಿ ಇಡತಕ್ಕದ್ದು. ನಮ್ಮ ಆ ಕಕ್ಷಿಗಾರರು ಇತ್ತೀಚೆಗೆ ಎರಡನೆಯ ಯಂತ್ರ ತರಿಸಿದರು. ಈ ಮೂರು ಮಾತನ್ನು ಬರೆದ ಮೇಲೆಯೇ ಸಹಿಯಾಯಿತು. ಮಾರುವವರು ಮೊದಲು ತಕರಾರು ತೆಗೆದರು, ಆಮೇಲೆ ಒಪ್ಪಿದರು. ಕೇಳಿದರೆ ಕೊಡುತ್ತಾರೆ, ಮೊದಲ ಸಲ ನಾವು ಕೇಳಿರಲಿಲ್ಲ, ಅಷ್ಟೇ.

ಇನ್ನುಳಿದದ್ದು ಶಿಕ್ಷಕರ ಕೆಲಸ. ಕರಾರಿನಲ್ಲಿ ಇಬ್ಬರು ಉಮೇದುವಾರರೆಂದು ನಾವು ಬರೆಯಬಲ್ಲೆವು. ಆ ಇಬ್ಬರನ್ನು ತಯಾರುಮಾಡಿ ಕೊಡುವವರು ತಾವು. ತುರ್ವಿಹಾಳದ ಶಾಲೆಯಲ್ಲಿ ಕೈಗೆ ಮಸಿ ಹತ್ತಿದರೆ ಹಿಗ್ಗುವ ಹುಡುಗನೂ ಹುಡುಗಿಯೂ ಇದ್ದೇ ಇದ್ದಾರೆ. ಪಂಪನ್ನು ಬಿಚ್ಚಿ ನೋಡಿದ್ದಕ್ಕೆ ಅವರನ್ನು ಗದರಿಸಬೇಡಿರಿ. ಗಿರಣಿಯ ಆ ಹತ್ತೊಂಬತ್ತು ದಿವಸಗಳನ್ನು ಉಳಿಸುವವರು ಅವರೇ.