ಅವಧಿ ಮುಗಿದ ನಕ್ಷೆ, ಗುಳೆ ಹೋಗುವ ಊರುಗಳು



ನಗರ ಯೋಜನೆ ಎಂದೊಡನೆ ಅದು ಅಧಿಕಾರಿಗಳ ವ್ಯವಹಾರ, ನಮಗೂ ಅದಕ್ಕೂ ಏನು ಸಂಬಂಧ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ 2001ರ ಜನಗಣತಿಯ ವೇಳೆಗೆ ದೇಶದ ಒಟ್ಟು ಜನರಲ್ಲಿ ಶೇ. 27.8ರಷ್ಟು ಮಂದಿ ನಗರವಾಸಿಗಳಾಗಿದ್ದರೆ, ಮುಸ್ಲಿಮರಲ್ಲಿ ಈ ಪ್ರಮಾಣ ಶೇ. 35.7 ಎಂದು ಸಾಚಾರ್ ಸಮಿತಿಯು 2006ರಲ್ಲೇ ದಾಖಲಿಸಿದೆ. ನಗರ ಕೆಟ್ಟರೆ ಆ ಕೇಡು ನಮ್ಮ ಓಣಿಗೂ ತಟ್ಟದೇ ಇರದು.

ಬೆಂಗಳೂರನ್ನೇ ನೋಡೋಣ. 2007ರಲ್ಲಿ ಅನುಮೋದನೆಗೊಂಡ ಅದರ ಮಹಾಯೋಜನೆಯ ಗುರಿ 2015. ಮುಂದಿನ ಯೋಜನೆಯ ಕರಡು 2017ರಲ್ಲಿ ಹೊರಬಂತು. 2020ರಲ್ಲಿ ಸರಕಾರವೇ ಅದನ್ನು ಹಿಂಪಡೆಯಿತು. ಹೀಗೆ ಅವಧಿ ಮುಗಿದ ನಕ್ಷೆಯೊಂದು ವರ್ಷಗಟ್ಟಲೆ ಆ ಮಹಾನಗರವನ್ನು ಆಳಿತು. 2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಪಾಲಿಕೆಯ ಅವಧಿಯೂ ಮುಗಿದ ಬಳಿಕ, ಪ್ರಶ್ನಿಸಲು ಜನರಿಗೆ ಒಬ್ಬ ಕಾರ್ಪೊರೇಟರ್ ಕೂಡ ಉಳಿಯಲಿಲ್ಲ.

ಪರಿಣಾಮವೇನು? 2007ರಲ್ಲಿ 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಲಾಯಿತು. ಅವುಗಳಿಗೆ ನೀರುಣಿಸಲೆಂದು ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಗೊಂಡದ್ದು 2024ರ ಅಕ್ಟೋಬರ್‌ನಲ್ಲಿ! ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಜನರು ಟ್ಯಾಂಕರಿಗಾಗಿ ಕಾದದ್ದನ್ನು ನಾವೆಲ್ಲ ಕಂಡೆವು. ಸುಮಾರು ನೂರು ಕಿಲೋಮೀಟರ್ ದೂರದಿಂದ ನೀರನ್ನು ಪಂಪು ಮಾಡಿ ಮೇಲೆತ್ತಿ ತರಬೇಕಾದ ಊರಿಗೇ ರಾಜ್ಯದ ಉದ್ಯೋಗಗಳನ್ನೆಲ್ಲ ತಂದು ಸುರಿಯುವುದು ಯಾವ ಸೀಮೆಯ ಜಾಣತನ?

ಇಲ್ಲಿಯೇ ಪ್ರಾದೇಶಿಕ ಬೆಳವಣಿಗೆಯ ಪ್ರಶ್ನೆ ಎದುರಾಗುತ್ತದೆ. 2011ರಲ್ಲಿ ಬೆಂಗಳೂರಿನ ಜನಸಂಖ್ಯೆ 84 ಲಕ್ಷ; ಎರಡನೇ ದೊಡ್ಡ ನಗರವಾದ ಹುಬ್ಬಳ್ಳಿ-ಧಾರವಾಡದ್ದು ಸುಮಾರು ಒಂಬತ್ತೂವರೆ ಲಕ್ಷ ಮಾತ್ರ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ 175 ತಾಲೂಕುಗಳ ಪೈಕಿ 114 ಹಿಂದುಳಿದಿವೆ ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 21 ತಾಲೂಕುಗಳು ಗುಲ್ಬರ್ಗಾ ವಿಭಾಗದವು. ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಆ ಭಾಗಕ್ಕೆ ದೊರೆತದ್ದು ಅದಾಗಿ ಹತ್ತು ವರ್ಷಗಳ ಬಳಿಕ. ಮೀಸಲಾತಿಯಿಂದ ಕೆಲವರಿಗೆ ಕಾಲೇಜು ಸೀಟು, ನೌಕರಿ ಸಿಕ್ಕಿದೆ, ನಿಜ. ಆದರೆ ಊರಿನಲ್ಲೇ ದುಡಿಮೆಯಿಲ್ಲದ ರಾಯಚೂರು, ಯಾದಗಿರಿಯ ಕುಟುಂಬಗಳು ಇಂದಿಗೂ ಗುಳೆ ಹೋಗುತ್ತಿವೆ; ಬೆಂಗಳೂರಿನ ಗಗನಚುಂಬಿಗಳನ್ನು ಕಟ್ಟುವ ಆ ಕೈಗಳು ಮಲಗುವುದು ತಗಡಿನ ಶೆಡ್ಡಿನಲ್ಲಿ. ಬೆಂಗಳೂರನ್ನು ಉಳಿಸುವ ಯೋಜನೆಯು ಕಲಬುರಗಿಯಿಂದಲೇ ಆರಂಭವಾಗಬೇಕೆಂದು ನಾವು ಹೇಳುವುದು ಈ ಕಾರಣಕ್ಕಾಗಿ. 2025ರಲ್ಲಿ ಬೆಂಗಳೂರನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದ ಮಾತ್ರಕ್ಕೆ ಈ ಪ್ರಶ್ನೆ ಬಗೆಹರಿಯದು.

ಮಹಾನಗರಕ್ಕೂ ಜಿಲ್ಲೆಗೂ ಯೋಜನಾ ಸಮಿತಿ ಇರಬೇಕೆಂದು 74ನೇ ತಿದ್ದುಪಡಿ 1993ರಿಂದಲೇ ಹೇಳುತ್ತಿದೆ. ನಮ್ಮ ಜಿಲ್ಲೆಯ ಸಮಿತಿ ಕಳೆದ ಬಾರಿ ಯಾವಾಗ ಸೇರಿತು ಎಂದು ನಮ್ಮಲ್ಲಿ ಯಾರಾದರೂ ವಿಚಾರಿಸಿದ್ದೇವೆಯೇ? ಚುನಾವಣೆ ಬಂದಾಗ ಖಬರಸ್ಥಾನದ ಆವರಣ ಗೋಡೆ ಕೇಳುತ್ತೇವೆ, ಶಾದಿಮಹಲ್ ಕೇಳುತ್ತೇವೆ. ಒಳಚರಂಡಿ, ಬಸ್ಸು, ಹೆಣ್ಣುಮಕ್ಕಳ ಕಾಲೇಜಿಗೆ ಜಾಗ ಇವುಗಳನ್ನು ನಕ್ಷೆಯಲ್ಲಿ ಗುರುತಿಸಿಕೊಡಿ ಎಂದು ಕೇಳಿದ್ದು ಕಡಿಮೆ.

ಯೋಜನೆಯ ಕರಡು ಸಿದ್ಧವಾದಾಗ ಆಕ್ಷೇಪಣೆ ಸಲ್ಲಿಸಲು ಕಾನೂನಿನಲ್ಲಿ ಅವಕಾಶವಿದೆ. ರಸ್ತೆ ಅಗಲೀಕರಣದ ಗೆರೆ ನಮ್ಮ ಪಡಸಾಲೆಯ ಮೇಲೆ ಹಾದಿರುವುದು ಜೆಸಿಬಿ ಬಂದ ದಿನ ತಿಳಿದರೆ ಏನು ಪ್ರಯೋಜನ? ಪ್ರತಿ ಜಮಾಅತ್‌ನಿಂದ ಓದುಬರಹ ಬಲ್ಲ ಇಬ್ಬರು ಯುವಕ ಯುವತಿಯರು ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಗೆ ಹೋಗಿ, ತಮ್ಮ ವಾರ್ಡಿನ ನಕ್ಷೆ ನೋಡಿ ಬರಲಿ. ಆಕ್ಷೇಪಣೆಯನ್ನು ಕನ್ನಡದಲ್ಲಿ ಬರೆದರಾಯಿತು, ಅದಕ್ಕೆ ವಕೀಲರು ಬೇಕಿಲ್ಲ. ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆಯುವುದನ್ನು ಮಾತ್ರ ಮರೆಯದಿರಿ.